ಓದುಗರ ಪ್ರಶ್ನೆ: ಆರರಿಂದ ಎಂಟನೇ ತರಗತಿಯ ಗಣಿತ, ಕೈಯಲ್ಲೂ ಪರದೆಯಲ್ಲೂ

ಹಿರಿಯ ಪ್ರಾಥಮಿಕ ತರಗತಿಗಳ ಮಕ್ಕಳಿಗೆ ಗಣಿತವನ್ನು ಮಾಡಿಸಿ ಕಲಿಸುವ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲ ಉತ್ತರ ಕೊಡುತ್ತಿದ್ದೇವೆ. ಎಲ್ಲ ಉತ್ತರಗಳಿಗೂ ಸಲ್ಲುವ ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಅಳೆಯುವ, ಕತ್ತರಿಸುವ, ಮೊಬೈಲ್ ಮುಟ್ಟುವ ಮುಂಚೆ ಮಗು ತನ್ನ ಅಂದಾಜನ್ನು ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆದಿರಬೇಕು. ಬರೆಯದಿದ್ದರೆ, ಉತ್ತರ ಬಂದಮೇಲೆ ‘ನಾನೂ ಹಾಗೇ ಅಂದುಕೊಂಡಿದ್ದೆ’ ಎನ್ನುತ್ತದೆ. ಒಳಗಿನ ತಪ್ಪು ತಿಳಿವಳಿಕೆ ಇದ್ದಲ್ಲೇ ಇರುತ್ತದೆ.

ಪ್ರಶ್ನೆ: 1/2 + 1/3 ಕೊಟ್ಟರೆ ಆರನೇ ತರಗತಿಯ ಅರ್ಧಕ್ಕರ್ಧ ಮಕ್ಕಳು 2/5 ಎಂದು ಬರೆಯುತ್ತಾರೆ. ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ) ತೆಗೆಯುವುದನ್ನು ಎಷ್ಟು ಸಲ ಹೇಳಿಕೊಟ್ಟರೂ ಮುಂದಿನ ವಾರ ಮತ್ತೆ ಅದೇ ತಪ್ಪು. ಕಾಗದ ಮಡಚಿಸಿ ನೋಡಿದೆ, ಮೂರು ಸಮಭಾಗ ಮಾಡುವಷ್ಟರಲ್ಲಿ ಪೀರಿಯಡ್ಡೇ ಮುಗಿಯಿತು.
– ಸಹಶಿಕ್ಷಕಿ, ಸಿಂದಗಿ

ಉತ್ತರ: ಮಡಚುವುದನ್ನು ಬಿಡಿ, ಅಳೆದು ಕತ್ತರಿಸಿ. ಮೂರು, ಆರು ಭಾಗಗಳಾಗಿ ಸರಿಯಾಗಿ ಮಡಚುವುದು ದೊಡ್ಡವರಿಗೂ ಕಷ್ಟ. ಪಟ್ಟಿಯ ಉದ್ದ 24 ಸೆಂ.ಮೀ. ಇಟ್ಟುಕೊಂಡರೆ ಎಲ್ಲ ಅಳತೆಯೂ ಪೂರ್ಣ ಸಂಖ್ಯೆಯಲ್ಲಿ ಬರುತ್ತದೆ: 1/2ಕ್ಕೆ 12 ಸೆಂ.ಮೀ., 1/3ಕ್ಕೆ 8, 1/4ಕ್ಕೆ 6, 1/6ಕ್ಕೆ 4, 1/8ಕ್ಕೆ 3, 1/12ಕ್ಕೆ 2.

ಎ4 ಹಾಳೆಯ ಅಗಲ 21 ಸೆಂ.ಮೀ. 3 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿದರೆ ಒಂದು ಹಾಳೆಗೆ ಸರಿಯಾಗಿ ಏಳು ಪಟ್ಟಿ: ಒಂದು ಇಡಿಯದು, ಉಳಿದ ಆರು ಮೇಲೆ ಹೇಳಿದ ಆರು ಭಿನ್ನರಾಶಿಗಳಿಗೆ. ಇಬ್ಬರಿಗೆ ಒಂದು ಹಾಳೆ ಸಾಕು. ಉದ್ದ 29.7 ಇರುವುದರಿಂದ 24ಕ್ಕೆ ಗೆರೆ ಎಳೆದು, ಮಿಕ್ಕದ್ದನ್ನು ಮೊದಲೇ ಕತ್ತರಿಸಿ ತೆಗೆಯಿರಿ. ಒಂದೊಂದು ತುಂಡನ್ನೂ ಕತ್ತರಿಸುವ ಮುಂಚೆ ಅದರ ಮೇಲೆ 1/6, 1/8 ಎಂದು ಬರೆಸಿ. ಕತ್ತರಿಸಿದ ಮೇಲೆ 4 ಸೆಂ.ಮೀ. ತುಂಡು, 3 ಸೆಂ.ಮೀ. ತುಂಡು ಕಲೆತುಹೋದರೆ ಬೇರ್ಪಡಿಸುವುದೇ ಒಂದು ಕೆಲಸವಾಗುತ್ತದೆ. ತುಂಡಿನ ಮೇಲೆ ಸೆಂಟಿಮೀಟರ್ ಮಾತ್ರ ಬರೆಸಬೇಡಿ, ಮಕ್ಕಳು ಭಿನ್ನರಾಶಿ ಮರೆತು 12 + 8 ಎಂದು ಕೂಡಿಸಿ ಕೂರುತ್ತಾರೆ.

ಈಗ 2/5ರ ವಿಷಯ. ಲ.ಸಾ.ಅ. ಎತ್ತಲೇಬೇಡಿ. ‘2/5 ಅರ್ಧಕ್ಕಿಂತ ದೊಡ್ಡದೋ ಚಿಕ್ಕದೋ?’ ಎಂದು ಕೇಳಿ. 24 ಸೆಂ.ಮೀ. ಪಟ್ಟಿಯಲ್ಲಿ 2/5 ಎಂದರೆ 9.6 ಸೆಂ.ಮೀ. ಅರ್ಧದ ತುಂಡೇ 12 ಇದೆ. ಅರ್ಧಕ್ಕೆ ಇನ್ನೊಂದು ತುಂಡು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಆಗುವುದು ಹೇಗೆ? ಈ ಪ್ರಶ್ನೆಗೆ ಮಕ್ಕಳು ತಾವೇ ತಡವರಿಸಲಿ, ಬಾಯಿ ಹಾಕಬೇಡಿ. ಆಮೇಲೆ 1/2ರ ತುಂಡಿನ ಬದಿಗೆ 1/3ರ ತುಂಡು ಜೋಡಿಸಿ, ಅದರ ಕೆಳಗೆ ಒಂದೇ ಜಾತಿಯ ತುಂಡುಗಳನ್ನಿಟ್ಟು ಸರಿಯಾಗಿ ಮುಚ್ಚುವಂತೆ ಹೇಳಿ. ನಾಲ್ಕನೇ ಒಂದರ ತುಂಡು ಮೂರಿಟ್ಟರೆ ಸಾಲುವುದಿಲ್ಲ, ನಾಲ್ಕಿಟ್ಟರೆ ಹೊರಗೆ ಚಾಚುತ್ತದೆ. ಎಂಟನೇ ಒಂದರದ್ದೂ ಕೂರುವುದಿಲ್ಲ. ಆರನೇ ಒಂದರವು ಐದು ಇಟ್ಟರೆ ಸರಿ. ಕೆಲವು ಜೋಡಿಗಳು ಹನ್ನೆರಡನೇ ಒಂದರವು ಹತ್ತು ಇಟ್ಟಿರುತ್ತವೆ. 5/6 ಮತ್ತು 10/12 ಎರಡನ್ನೂ ಕರಿಹಲಗೆಯ ಮೇಲೆ ಬರೆದು ‘ಎರಡೂ ಸರಿಯೇ?’ ಎಂದರೆ ಸಮಾನ ಭಿನ್ನರಾಶಿಯ ಪಾಠ ಅಲ್ಲಿಂದಲೇ ಶುರು. ಯಾವ ತುಂಡು ಕೂರುತ್ತದೆ, ಯಾವುದು ಕೂರುವುದಿಲ್ಲ ಎಂಬ ಪಟ್ಟಿಯನ್ನು ನಾಲ್ಕೈದು ಲೆಕ್ಕಕ್ಕೆ ಮಾಡಿಸಿದಮೇಲೆ ಲ.ಸಾ.ಅ. ಎಂಬ ಹೆಸರು ಕೊಡಿ.

ಎಲ್ಲಿ ಕೆಡುತ್ತದೆ ಎಂದರೆ, ಕತ್ತರಿಯಲ್ಲಿ. 1/12ರ ತುಂಡುಗಳಲ್ಲಿ ತಲಾ 1 ಮಿ.ಮೀ. ಹೋದರೂ ಹನ್ನೆರಡು ಸೇರಿ 1.2 ಸೆಂ.ಮೀ. ಕಡಿಮೆಯಾಗುತ್ತದೆ, ಅದು ಒಂದು ತುಂಡಿನ ಅರ್ಧಕ್ಕಿಂತ ಹೆಚ್ಚು. ಎಲ್ಲ ಗೆರೆಗಳನ್ನೂ ಪಟ್ಟಿಯ ಒಂದೇ ತುದಿಯ ಸೊನ್ನೆಯಿಂದ ಅಳೆದು ಹಾಕಿಸಿ: 2, 4, 6, 8… ಎಂದು. ಒಂದು ಗೆರೆಯಿಂದ ಮುಂದಿನದಕ್ಕೆ ಸ್ಕೇಲ್ ಸರಿಸುತ್ತಾ ಹೋದರೆ ತಪ್ಪು ಕೂಡುತ್ತಾ ಹೋಗುತ್ತದೆ.

1/5, 1/10 ಬೇಕಾದಾಗ 20 ಸೆಂ.ಮೀ. ಉದ್ದದ ಪಟ್ಟಿಯನ್ನು ಬೇರೆ ಬಣ್ಣದ ಕಾಗದದಲ್ಲಿ ಮಾಡಿ. ಎರಡನ್ನೂ ಬೆರೆಸಲು ಬಿಡಬೇಡಿ, 24ರ ಅರ್ಧ, 20ರ ಅರ್ಧ ಬೇರೆ ಬೇರೆ.

ಪ್ರಶ್ನೆ: ಮಗನಿಗೆ 3 – (–2) = 5 ಎಂದರೆ ನಂಬಿಕೆಯೇ ಬರುವುದಿಲ್ಲ. ‘ಮೈನಸ್ ಮೈನಸ್ ಪ್ಲಸ್’ ಎಂದು ಬಾಯಿಪಾಠ ಮಾಡಿದ್ದಾನೆ. ಈಗ –3 – 2 ಕೊಟ್ಟರೂ 5 ಎನ್ನುತ್ತಾನೆ. ಮನೆಯಲ್ಲೇ ಏನಾದರೂ ಮಾಡಿಸಬಹುದೇ?
– ತಾಯಿ, ತೀರ್ಥಹಳ್ಳಿ

ಉತ್ತರ: ಚೌಕಾಬಾರಕ್ಕೆ ತೇಯುವ ಹುಣಸೆ ಬೀಜವೇ ಇದಕ್ಕೆ ಒಳ್ಳೆಯ ಸಾಮಗ್ರಿ. ದಪ್ಪನೆಯ, ಚಪ್ಪಟೆ ಇರುವ 20 ಬೀಜ ಆರಿಸಿ, ಒಂದು ಮೈಯನ್ನು ಒರಟು ಕಲ್ಲಿಗೆ ಬಿಳಿ ಕಾಣುವ ತನಕ ತೇಯಿರಿ. ನೀರಿನಲ್ಲಿ ನೆನೆಸಬೇಡಿ, ಸಿಪ್ಪೆ ಎರಡೂ ಕಡೆ ಬಿಟ್ಟುಕೊಂಡುಬಿಡುತ್ತದೆ. ಬಿಳಿ ಮೇಲಿದ್ದರೆ +1, ಕಂದು ಮೇಲಿದ್ದರೆ –1. ಒಂದು ಬಿಳಿ, ಒಂದು ಕಂದು ಸೇರಿದರೆ ಸೊನ್ನೆ. ಆಟದ ನಿಯಮ ಇಷ್ಟೇ.

3 – (–2)ಗೆ ಮೂರು ಬಿಳಿ ಇಡಿ. ಇದರಿಂದ ಎರಡು ಕಂದು ತೆಗೆಯಬೇಕು, ಆದರೆ ಕಂದು ಒಂದೂ ಇಲ್ಲ. ಇಲ್ಲಿ ತಡೆದು, ‘ಒಟ್ಟು ಬೆಲೆ ಬದಲಾಗದ ಹಾಗೆ ಕಂದು ತರುವುದು ಹೇಗೆ?’ ಎಂದು ಕೇಳಿ. ಎರಡು ಸೊನ್ನೆ ಜೋಡಿ ಸೇರಿಸಿದರೆ ಐದು ಬಿಳಿ, ಎರಡು ಕಂದು. ಬೆಲೆ ಇನ್ನೂ ಮೂರೇ. ಈಗ ಎರಡು ಕಂದು ತೆಗೆದರೆ ಉಳಿದದ್ದು ಐದು ಬಿಳಿ. –3 – 2ಕ್ಕೆ ಮೂರು ಕಂದು ಇಟ್ಟು ಎರಡು ಬಿಳಿ ತೆಗೆಯಬೇಕು. ಅಲ್ಲೂ ಎರಡು ಜೋಡಿ ಸೇರಿಸಿ, ಬಿಳಿ ತೆಗೆದರೆ ಐದು ಕಂದು, ಅಂದರೆ –5. ಎರಡೂ ಲೆಕ್ಕವನ್ನು ಬೆನ್ನಬೆನ್ನಿಗೆ ಮಾಡಿಸಿದರೆ ಬಾಯಿಪಾಠದ ಸೂತ್ರ ಎಲ್ಲಿ ಹೊಂದುವುದಿಲ್ಲ ಎಂಬುದು ಅವನಿಗೇ ಕಾಣುತ್ತದೆ.

(–2) × (–3) ಕೂಡ ಹೀಗೇ. ಸೊನ್ನೆಯಿಂದ, ಅಂದರೆ ಆರು ಜೋಡಿಯಿಂದ ಶುರು ಮಾಡಿ ಮೂರು ಕಂದನ್ನು ಎರಡು ಸಲ ತೆಗೆಯಿರಿ. ಆರು ಬಿಳಿ ಉಳಿಯುತ್ತವೆ. ಮಕ್ಕಳು ಇಲ್ಲಿ ಮಾಡುವ ತಪ್ಪು ಒಂದೇ: ತೆಗೆಯುವ ಬದಲು ಬೀಜವನ್ನು ಮಗುಚಿ ಹಾಕುತ್ತಾರೆ. ಮಗುಚಿದರೆ ಬೆಲೆ ಒಂದಲ್ಲ, ಎರಡು ಬದಲಾಗುತ್ತದೆ. ತೆಗೆದ ಬೀಜಕ್ಕೆ ಬೇರೆ ಬಟ್ಟಲು ಇಟ್ಟರೆ ಈ ಗೊಂದಲ ಇಲ್ಲ. ಹತ್ತರೊಳಗಿನ ಸಂಖ್ಯೆಗೆ ಮಾತ್ರ ಬೀಜ. –47 – 28 ತರಹದ್ದಕ್ಕೆ ಸಂಖ್ಯಾರೇಖೆಗೆ ಹೋಗಿ.

ಅದೇ ಬೀಜಗಳಿಂದ ಎಂಟನೇ ತರಗತಿಯವರಿಗೆ ಸಂಭವನೀಯತೆಯನ್ನೂ ಕಲಿಸಬಹುದು. ನಾಲ್ಕು ಬೀಜ ಹಾಕಿದಾಗ ಬಿಳಿ, ಕಂದು ಸಮಸಮ ಬೀಳುವುದಾದರೆ 80 ಸಲಕ್ಕೆ ನಾಲ್ಕೂ ಬಿಳಿ 5 ಸಲ, ಮೂರು ಬಿಳಿ 20, ಎರಡು 30, ಒಂದು 20, ನಾಲ್ಕೂ ಕಂದು 5 ಸಲ ಬರುವ ನಿರೀಕ್ಷೆ. ಬೀಜದ ಎರಡು ಮೈ ಒಂದೇ ತರಹ ಇಲ್ಲದ್ದರಿಂದ ನಿಜವಾಗಿ ಬರುವ ಸಂಖ್ಯೆಗಳು ಒಂದು ಕಡೆಗೆ ವಾಲುತ್ತವೆ. ನಾಲ್ಕು ನಾಣ್ಯ ಹಾಕಿ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಚೌಕಾಬಾರದಲ್ಲಿ ನಾಲ್ಕೂ ಬಿಳಿಗೆ ನಾಲ್ಕು, ನಾಲ್ಕೂ ಕಂದಿಗೆ ಎಂಟು ಮನೆ ಏಕೆ ಕೊಡುತ್ತಾರೆ ಎಂಬ ಚರ್ಚೆಗೆ ಮಕ್ಕಳು ತಾವಾಗಿ ಬರುತ್ತಾರೆ.

ಪ್ರಶ್ನೆ: ಪೈ ಬೆಲೆಯನ್ನು ಮಕ್ಕಳೇ ಕಂಡುಕೊಳ್ಳಲಿ ಎಂದು ಬಳೆ, ದಾರ ಕೊಟ್ಟೆ. 2.9ರಿಂದ 3.4ರ ತನಕ ಉತ್ತರ ಬಂತು. 3.14 ಯಾರಿಗೂ ಬರಲಿಲ್ಲ.
– ಗಣಿತ ಶಿಕ್ಷಕ, ಚಿಂತಾಮಣಿ

ಉತ್ತರ: 3.4ರ ಹತ್ತಿರ ಬಂದವರು ವ್ಯಾಸವನ್ನು ಬಳೆಯ ಒಳಗೆ ಅಳೆದು, ದಾರವನ್ನು ಹೊರಗೆ ಸುತ್ತಿರುತ್ತಾರೆ. 2-6 ಅಳತೆಯ ಬಳೆ ತೆಗೆದುಕೊಳ್ಳಿ. ಒಳವ್ಯಾಸ 60.3 ಮಿ.ಮೀ. ಬಳೆ 2 ಮಿ.ಮೀ. ದಪ್ಪ ಇದ್ದರೆ ಹೊರವ್ಯಾಸ 64.3, ಹೊರ ಪರಿಧಿ ಸುಮಾರು 202. 202ನ್ನು 60.3ರಿಂದ ಭಾಗಿಸಿದರೆ 3.35. ಅಳತೆಯಲ್ಲಿ ತಪ್ಪೇ ಇಲ್ಲ, ಎರಡು ಬೇರೆ ವೃತ್ತಗಳನ್ನು ಅಳೆದಿದ್ದಾರೆ, ಅಷ್ಟೇ. ಇದನ್ನು ಮಕ್ಕಳೇ ಪತ್ತೆ ಮಾಡುವಂತೆ ಬಿಟ್ಟರೆ ಆ ಪೀರಿಯಡ್ ಸಾರ್ಥಕ. 2.9 ಬಂದವರದ್ದು ದಾರದ ಸಮಸ್ಯೆ. ಹತ್ತಿ ದಾರವನ್ನು ಬಿಗಿಯಾಗಿ ಎಳೆದು ಸುತ್ತುತ್ತಾರೆ, ಸ್ಕೇಲಿನ ಮೇಲಿಟ್ಟಾಗ ಅದು ಕುಗ್ಗುತ್ತದೆ.

ದಾರ ಬಿಟ್ಟು 1 ಸೆಂ.ಮೀ. ಅಗಲದ ಕಾಗದದ ಪಟ್ಟಿ ಬಳಸಿ. ಡಬ್ಬಿಯ ಸುತ್ತ ಸುತ್ತಿ, ಪಟ್ಟಿಯ ತುದಿ ಒಂದರ ಮೇಲೊಂದು ಬಂದಲ್ಲಿ ಗುಂಡುಸೂಜಿಯಿಂದ ಎರಡೂ ಪದರಕ್ಕೆ ಚುಚ್ಚಿ. ಬಿಚ್ಚಿ ಹರಡಿದರೆ ಎರಡು ತೂತುಗಳ ನಡುವಿನ ದೂರವೇ ಪರಿಧಿ. ವ್ಯಾಸಕ್ಕೆ ಜಾಮಿಟ್ರಿ ಬಾಕ್ಸಿನ ಎರಡು ಮೂಲೆಮಟ್ಟಗಳನ್ನು ಸ್ಕೇಲಿನ ಮೇಲೆ ನಿಲ್ಲಿಸಿ, ನಡುವೆ ವಸ್ತುವನ್ನು ಒತ್ತಿ ಹಿಡಿಯಿರಿ. ಕಣ್ಣಂದಾಜಿನಲ್ಲಿ ಕೇಂದ್ರ ಹುಡುಕಿದರೆ ಸ್ವಲ್ಪ ಪಕ್ಕಕ್ಕೆ ಸರಿದು ಜ್ಯಾದ ಅಳತೆ ಬರುತ್ತದೆ, ವ್ಯಾಸ ಚಿಕ್ಕದಾಗಿ ಉತ್ತರ ದೊಡ್ಡದಾಗುತ್ತದೆ. ನಾಣ್ಯಕ್ಕಿಂತ ಊಟದ ತಟ್ಟೆ, ಬಕೆಟ್ಟಿನ ತಳ ಒಳ್ಳೆಯದು. 1 ಮಿ.ಮೀ. ತಪ್ಪು 2 ಸೆಂ.ಮೀ. ನಾಣ್ಯದಲ್ಲಿ ಶೇ 5, 25 ಸೆಂ.ಮೀ. ತಟ್ಟೆಯಲ್ಲಿ ಶೇ 0.4.

ಭಾಗಾಕಾರಕ್ಕೆ ಮುಂಚೆ ಇಡೀ ತರಗತಿಯ ಅಳತೆಗಳನ್ನು ಒಂದೇ ಗ್ರಾಫ್ ಹಾಳೆಯಲ್ಲಿ ಗುರುತಿಸಿ: ಅಡ್ಡಕ್ಕೆ ವ್ಯಾಸ, ನೇರಕ್ಕೆ ಪರಿಧಿ. ಚುಕ್ಕಿಗಳು ಸೊನ್ನೆಯಿಂದ ಹೊರಟ ಒಂದು ನೇರ ಗೆರೆಯ ಮೇಲೆ ಸಾಲುಗಟ್ಟುತ್ತವೆ. ಗೆರೆ ಬಿಟ್ಟು ನಿಂತ ಚುಕ್ಕಿ ಯಾರದೋ ಅವರು ತಾವಾಗಿ ಎದ್ದು ಮತ್ತೆ ಅಳೆಯುತ್ತಾರೆ.

ಬಳೆಯನ್ನು ಕೈಬಿಡಬೇಡಿ, ಅದರಲ್ಲಿ ಇನ್ನೊಂದು ಪಾಠವಿದೆ. ಅಂಗಡಿಯಲ್ಲಿ 2-6 ಎಂದರೆ 2 ಇಂಚು ಮತ್ತು 6/16 ಇಂಚು. ಮಕ್ಕಳು ಇದನ್ನು 2.6 ಎಂದು ಓದುತ್ತಾರೆ. ‘2-8 ದೊಡ್ಡದೋ, 2-10 ದೊಡ್ಡದೋ?’ ಎಂದು ಕೇಳಿ. ದಶಮಾಂಶದಲ್ಲಿ 2.10 ಚಿಕ್ಕದು, ಬಳೆಯಲ್ಲಿ 2-10 ದೊಡ್ಡದು. 2-8 ಎಂದರೆ ಎರಡೂವರೆ ಇಂಚು ಎಂದು ಲೆಕ್ಕ ಹಾಕಿ, ಸ್ಕೇಲಿನಲ್ಲಿ ತಾಳೆ ನೋಡಿದರೆ ಭಿನ್ನರಾಶಿಗೂ ದಶಮಾಂಶಕ್ಕೂ ಇರುವ ವ್ಯತ್ಯಾಸ ಗಟ್ಟಿಯಾಗುತ್ತದೆ.

ಪ್ರಶ್ನೆ: ಶಾಲೆಯ ಕಂಪ್ಯೂಟರಿನಲ್ಲಿ ಜಿಯೋಜೀಬ್ರಾ ಎಂಬ ರೇಖಾಗಣಿತದ ತಂತ್ರಾಂಶ ಹಾಕಿದ್ದೇವೆ. ತ್ರಿಭುಜದ ಕೋನಗಳ ಮೊತ್ತ ತೋರಿಸಲು ಹೋದರೆ ಒಮ್ಮೆ 181, ಇನ್ನೊಮ್ಮೆ 900 ಬಂತು. ತಂತ್ರಾಂಶದಲ್ಲೇ ದೋಷವೇ?
– ಮುಖ್ಯಶಿಕ್ಷಕ, ಶಿರಸಿ

ಉತ್ತರ: ದೋಷವಿಲ್ಲ. 900 ಬರಲು ಕಾರಣ, ಬಿಂದುಗಳನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಇಟ್ಟಿದ್ದೀರಿ. ಜಿಯೋಜೀಬ್ರಾ ಕೋನವನ್ನು ಮುಳ್ಳಿನ ವಿರುದ್ಧ ದಿಕ್ಕಿನಲ್ಲಿ ಅಳೆಯುತ್ತದೆ. ಹಾಗಾಗಿ ಒಳಕೋನದ ಬದಲು ಹೊರಗಿನ ಸರಳಾಧಿಕ (180 ಡಿಗ್ರಿ ಮೀರಿದ) ಕೋನ ತೋರಿಸಿದೆ: ಮೂರು ಸಲ 360 ಎಂದರೆ 1080, ಅದರಲ್ಲಿ 180 ಕಳೆದರೆ 900. ಪಾಲಿಗನ್ ಸಾಧನ ಆರಿಸಿ, ಮೂರು ಬಿಂದುಗಳನ್ನು ಮುಳ್ಳಿನ ವಿರುದ್ಧ ದಿಕ್ಕಿನಲ್ಲಿ ಒತ್ತಿ, ಮೊದಲ ಬಿಂದುವಿಗೆ ಮರಳಿ ಮುಚ್ಚಿ. ಕೋನದ ಸಾಧನ ಆರಿಸಿ ತ್ರಿಭುಜದ ಒಳಗೆ ಒಮ್ಮೆ ಒತ್ತಿದರೆ ಮೂರೂ ಒಳಕೋನಗಳು ಬರುತ್ತವೆ. ಆದರೆ ಆ 900ನ್ನು ಅಳಿಸುವ ಮುಂಚೆ ಎಂಟನೇ ತರಗತಿಯವರ ಮುಂದಿಟ್ಟು ‘ಯಾವ ತ್ರಿಭುಜ ತೆಗೆದರೂ 900ಏ ಏಕೆ?’ ಎಂದು ಕೇಳಿ, ಒಳ್ಳೆಯ ಲೆಕ್ಕ ಅದು.

181 ಅಂದಾಜಿಸುವಿಕೆಯಿಂದ ಬಂದದ್ದು. ನಿಜವಾದ ಕೋನಗಳು 52.6, 60.7, 66.7 ಇದ್ದು, ಪರದೆ ದಶಮಾಂಶ ತೋರಿಸದಿದ್ದರೆ 53, 61, 67 ಎಂದು ಕಾಣುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಎರಡು ದಶಮಾಂಶ ಸ್ಥಾನಕ್ಕೆ ಬದಲಿಸಿ. ಆಗಲೂ ಕೆಲವೊಮ್ಮೆ 0.01 ಹೆಚ್ಚುಕಡಿಮೆ ಬರಬಹುದು, ಕಾರಣ ಅದೇ.

ಒಂದು ಎಚ್ಚರಿಕೆ. ನಾಲ್ಕು ಬಿಂದುಗಳನ್ನು ಕಣ್ಣಂದಾಜಿನಲ್ಲಿಟ್ಟು ‘ಚೌಕ ಮಾಡಿದೆ’ ಎನ್ನುವ ಮಕ್ಕಳಿರುತ್ತಾರೆ. ಒಂದು ಶೃಂಗ ಹಿಡಿದು ಎಳೆಯಲು ಹೇಳಿ. ಆಕಾರ ಕೆಟ್ಟರೆ ಅದು ಚೌಕದ ಚಿತ್ರ ಮಾತ್ರ. ಲಂಬ ರೇಖೆ, ವೃತ್ತ ಬಳಸಿ ರಚಿಸಿದ ಚೌಕ ಎಷ್ಟು ಎಳೆದರೂ ಚೌಕವಾಗಿಯೇ ಇರುತ್ತದೆ. ಪರದೆಯ ರೇಖಾಗಣಿತದಲ್ಲಿ ನಾವು ಅತ್ಯಂತ ಬೆಲೆ ಕೊಡುವುದು ಈ ಎಳೆದು ನೋಡುವ ಪರೀಕ್ಷೆಗೆ. ಕಾಗದದ ಮೇಲೆ ಇದು ಸಾಧ್ಯವೇ ಇಲ್ಲ.

ಪ್ರಶ್ನೆ: ಮನೆಯಲ್ಲಿ ಇರುವುದು ಒಂದೇ ಮೊಬೈಲ್, ನೆಟ್ ಆಗಾಗ ಹೋಗುತ್ತದೆ. ಮಗಳು ಅಂಕ ಕೊಡುವ ಕ್ವಿಜ್ ಆ್ಯಪ್‌ನಲ್ಲಿ ಗಣಿತ ‘ಆಡುತ್ತಾಳೆ’. ಉಪಯೋಗವಿದೆಯೇ?
– ತಂದೆ, ಸುಳ್ಯ

ಉತ್ತರ: ಮಗ್ಗಿ, ಶೇಕಡಾವಾರು ಚುರುಕಾಗಲು ದಿನಕ್ಕೆ ಹತ್ತು ನಿಮಿಷ ಸರಿ. ಹೊಸ ವಿಷಯ ಕಲಿಯಲು ಅದು ಬೇಡ. ನಾಲ್ಕು ಉತ್ತರಗಳಲ್ಲಿ ಹೊಂದದ ಮೂರನ್ನು ತೆಗೆದುಹಾಕುವ ಜಾಣತನವನ್ನು ಮಕ್ಕಳು ಬೇಗ ಕಲಿಯುತ್ತಾರೆ, ಲೆಕ್ಕ ಅಲ್ಲೇ ಇರುತ್ತದೆ.

ಕೊಲರಾಡೊ ವಿಶ್ವವಿದ್ಯಾಲಯ ಉಚಿತವಾಗಿ ಕೊಡುವ ಫೆಟ್ ಸಿಮ್ಯುಲೇಷನ್‌ಗಳನ್ನು (ಪರದೆಯ ಮೇಲೆ ಮುಟ್ಟಿ, ಎಳೆದು ಮಾಡುವ ಪ್ರಯೋಗಗಳನ್ನು) ನೋಡಿ. ಹೊಸ ಮಾದರಿಯವನ್ನು ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್ ಇಲ್ಲದೆಯೂ ಬ್ರೌಸರಿನಲ್ಲಿ ತೆರೆಯುತ್ತವೆ. ಪ್ರತಿಯೊಂದರ ಪುಟದಲ್ಲೂ ಅನುವಾದಗಳ ಪಟ್ಟಿ ಇದೆ, ಕನ್ನಡ ಇದ್ದರೆ ಅದನ್ನೇ ಇಳಿಸಿಕೊಳ್ಳಿ. ಭಿನ್ನರಾಶಿ, ಸಮೀಕರಣದ ತಕ್ಕಡಿ, ವಿಸ್ತೀರ್ಣದ ಮಾದರಿ, ಈ ಮೂರರಿಂದ ಶುರು ಮಾಡಬಹುದು. ಪಾಲಿಪ್ಯಾಡ್ ಎಂಬ ಜಾಲತಾಣದಲ್ಲಿ ಭಿನ್ನರಾಶಿ ಪಟ್ಟಿ, ಬೀಜಗಣಿತದ ಬಿಲ್ಲೆಗಳಿವೆ, ಅದಕ್ಕೆ ದೊಡ್ಡ ಪರದೆ ಇದ್ದರೆ ಅನುಕೂಲ. ಮೊಬೈಲಿನ ಪಕ್ಕದಲ್ಲಿ ನೋಟ್‌ಬುಕ್ ಇರಲೇಬೇಕು: ಎಡಗಡೆ ಅಂದಾಜು, ಬಲಗಡೆ ಕಂಡದ್ದು. ಇಬ್ಬರು ಮಕ್ಕಳಿದ್ದರೆ ಒಬ್ಬರು ಮೊಬೈಲ್ ಮುಟ್ಟಲಿ, ಇನ್ನೊಬ್ಬರು ಬರೆಯಲಿ, ಐದು ನಿಮಿಷಕ್ಕೊಮ್ಮೆ ಅದಲುಬದಲು.

ಪ್ರಶ್ನೆ: ಕೈಕೆಲಸ, ಕಂಪ್ಯೂಟರ್ ಎರಡನ್ನೂ ಒಂದೇ ಪಾಠದಲ್ಲಿ ಸೇರಿಸಲು ಎಂಟನೇ ತರಗತಿಗೆ ಒಂದು ಚಟುವಟಿಕೆ ತಿಳಿಸಿ.
– ಶಿಕ್ಷಕಿ, ಮುಧೋಳ

ಉತ್ತರ: ಡ್ರಾಯಿಂಗ್ ಶೀಟಿನಲ್ಲಿ 20 ಸೆಂ.ಮೀ. ಬಾಹುವಿನ ಚೌಕ ಕತ್ತರಿಸಿ. ನಾಲ್ಕು ಮೂಲೆಗಳಲ್ಲೂ ಒಂದೇ ಅಳತೆಯ ಸಣ್ಣ ಚೌಕ ಕತ್ತರಿಸಿ ತೆಗೆದು, ಬದಿಗಳನ್ನು ಮೇಲಕ್ಕೆ ಮಡಚಿ ಅಂಟಿಸಿದರೆ ಮುಚ್ಚಳವಿಲ್ಲದ ಪೆಟ್ಟಿಗೆ. ಎಷ್ಟು ಕತ್ತರಿಸಿದರೆ ಹೆಚ್ಚು ರಾಗಿ ಹಿಡಿಸುತ್ತದೆ? ‘ಹಾಳೆ ಒಂದೇ, ಹಾಗಾಗಿ ಎಲ್ಲದರಲ್ಲೂ ಒಂದೇ’ ಎನ್ನುವವರು, ‘ಎತ್ತರ ಇದ್ದಷ್ಟೂ ಹೆಚ್ಚು’ ಎನ್ನುವವರು ಇದ್ದೇ ಇರುತ್ತಾರೆ. ಎರಡನ್ನೂ ಹಲಗೆಯ ಮೇಲೆ ಬರೆದಿಡಿ.

ಒಂದೊಂದು ಗುಂಪಿಗೆ ಒಂದೊಂದು ಅಳತೆ ಕೊಡಿ. 1 ಸೆಂ.ಮೀ. ಕತ್ತರಿಸಿದರೆ 324 ಘನ ಸೆಂ.ಮೀ., 2ಕ್ಕೆ 512, 3ಕ್ಕೆ 588, 4ಕ್ಕೆ 576, 5ಕ್ಕೆ 500, 6ಕ್ಕೆ 384. 3ರ ಪೆಟ್ಟಿಗೆಯ ರಾಗಿಯನ್ನು 5ರದ್ದಕ್ಕೆ ಸುರಿದರೆ ಉಕ್ಕಿ ಚೆಲ್ಲುತ್ತದೆ. ಆದರೆ 3 ಮತ್ತು 4ರ ನಡುವಿನ ವ್ಯತ್ಯಾಸ ಬರೀ 12 ಘನ ಸೆಂ.ಮೀ. ಕಾಗದದ ಬದಿ ಸ್ವಲ್ಪ ಉಬ್ಬಿದರೂ ಫಲಿತಾಂಶ ತಲೆಕೆಳಗಾಗುತ್ತದೆ. ಕೈಯ ಅಳತೆ ಇಲ್ಲಿಗೆ ನಿಂತಿತು, ಈಗ ಗೂಗಲ್ ಶೀಟ್ಸ್ ತೆರೆಯಿರಿ. ಮೊದಲ ಕಾಲಂನಲ್ಲಿ ಕತ್ತರಿಸಿದ ಅಳತೆ, ಎರಡನೆಯದರಲ್ಲಿ 20ರಿಂದ ಅದರ ಎರಡರಷ್ಟು ಕಳೆದದ್ದು, ಮೂರನೆಯದರಲ್ಲಿ ಎರಡನೆಯದರ ವರ್ಗ ಗುಣಿಸು ಮೊದಲನೆಯದು. ಸೂತ್ರದ ಮುಂದೆ ಸಮ ಚಿಹ್ನೆ ಹಾಕಲು ಮಕ್ಕಳು ಮರೆಯುತ್ತಾರೆ, ಆಗ ಲೆಕ್ಕದ ಬದಲು ಬರೆದದ್ದೇ ಕಾಣುತ್ತದೆ. ಮೂರರಿಂದ ನಾಲ್ಕರ ನಡುವೆ 0.1ರಂತೆ ಹೆಚ್ಚಿಸಿ: 3.2ಕ್ಕೆ 591.9, 3.3ಕ್ಕೆ 592.5, 3.4ಕ್ಕೆ 592.4. ಉತ್ತರ 3.3ರ ಆಸುಪಾಸಿನಲ್ಲಿದೆ ಎಂದಾದಮೇಲೆ 3.31, 3.32 ಎಂದು ಮುಂದುವರಿಯಲು ಯಾರೂ ಹೇಳಬೇಕಾಗಿಲ್ಲ. ಅವರು ಹೋಗಿ ಮುಟ್ಟುವುದು ಮೂರೂ ಮೂರನೇ ಒಂದನ್ನು (10/3). ಕಾಲಂನಲ್ಲಿ 10ಕ್ಕಿಂತ ದೊಡ್ಡ ಸಂಖ್ಯೆ ಹಾಕಿದರೂ ಶೀಟ್ ಉತ್ತರ ಕೊಡುತ್ತದೆ. ಅಂಥ ಪೆಟ್ಟಿಗೆ ಮಾಡಿ ತೋರಿಸಿ ಎನ್ನಿ.

ಪ್ರಶ್ನೆ: ಮಕ್ಕಳ ಸಂತೆ ಪ್ರತಿವರ್ಷ ಮಾಡುತ್ತೇವೆ, ವ್ಯಾಪಾರ ಜೋರು. ಗಣಿತ ಎಲ್ಲಿ ಸೇರಿಸುವುದು?
– ಎಸ್‌ಡಿಎಂಸಿ ಸದಸ್ಯೆ, ಹಾನಗಲ್

ಉತ್ತರ: ಸಂತೆಯ ಹಿಂದಿನ ದಿನ ಈ ಲೆಕ್ಕ ಕೊಡಿ. ಒಬ್ಬಳ ಬಳಿ 30 ನಿಂಬೆಹಣ್ಣು, 10 ರೂಪಾಯಿಗೆ ಮೂರು. ಇನ್ನೊಬ್ಬಳ ಬಳಿಯೂ 30, 10 ರೂಪಾಯಿಗೆ ಎರಡು. ಇಬ್ಬರೂ ಸೇರಿಸಿ 20 ರೂಪಾಯಿಗೆ ಐದರಂತೆ ಮಾರಿದರೆ ಏನಾದರೂ ವ್ಯತ್ಯಾಸ ಆಗುತ್ತದೆಯೇ? ಬೇರೆ ಬೇರೆ ಮಾರಿದರೆ 100 + 150 = 250. ಸೇರಿಸಿ ಮಾರಿದರೆ 60 ಹಣ್ಣಿಗೆ 240. ಹತ್ತು ರೂಪಾಯಿ ಎಲ್ಲಿ ಹೋಯಿತು ಎಂದು ಹಣ್ಣಿನ ಬದಲು ಗೋಲಿ ಜೋಡಿಸಿ ಹುಡುಕಲಿ: ಹತ್ತು ಸಲ ಮಾರಿದಮೇಲೆ ಅಗ್ಗದ ಹಣ್ಣು ಖಾಲಿಯಾಗಿ, ಉಳಿದ ಹತ್ತೂ ದುಬಾರಿಯವೇ ಆಗಿರುತ್ತವೆ. ಸಂತೆಯ ದಿನ ಪ್ರತಿ ಅಂಗಡಿಗೂ ಕೊಂಡ ಬೆಲೆ, ಮಾರಿದ ಬೆಲೆ, ಉಳಿದ ಸರಕು ಬರೆಯುವ ಹಾಳೆ ಇರಲಿ. ಲಾಭದ ಶೇಕಡಾವನ್ನು ಮಾರಿದ ಬೆಲೆಯ ಮೇಲೆ ಹಾಕುವ ತಪ್ಪು ಹೆಚ್ಚು, ಅದನ್ನು ಮಾತ್ರ ಪರಿಶೀಲಿಸಿ.

ಪ್ರಶ್ನೆ: ಡಿಸೆಂಬರ್ 22ರ ಗಣಿತ ದಿನಕ್ಕೆ ಖರ್ಚಿಲ್ಲದ, ಎಲ್ಲ ಮಕ್ಕಳೂ ಮಾಡಬಹುದಾದ ಒಂದೆರಡು ಚಟುವಟಿಕೆ ಹೇಳಿ.
– ಶಿಕ್ಷಕ, ಔರಾದ್

ಉತ್ತರ: ಮಳಖೇಡದ ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು ಎಡಬಲ ಯಾವ ಕಡೆಯಿಂದ ಓದಿದರೂ ಒಂದೇ ಆಗುವ ಗುಣಲಬ್ಧಗಳನ್ನು ಕೊಟ್ಟಿದ್ದಾರೆ. 139 × 109 = 15151, 27994681 × 441 = 12345654321. ನಿಮ್ಮ ಕಡೆಯ ಗಣಿತಜ್ಞರ ಲೆಕ್ಕ, ಗೋಡೆಗೆ ಹಾಕಿಸಿ. ಎರಡನೆಯದನ್ನು ಎಂಟು ಅಂಕಿಯ ಕ್ಯಾಲ್ಕುಲೇಟರ್ ತೋರಿಸಲಾರದು, ಕೈಯಲ್ಲೇ ಗುಣಿಸಬೇಕು.

ಇನ್ನೊಂದು, ನಾಸಿಕ್ ಬಳಿಯ ದೇವಲಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ಕಾಪ್ರೇಕರ್ 1949ರಲ್ಲಿ ಕಂಡುಕೊಂಡದ್ದು. ನಾಲ್ಕಂಕಿಯ ಯಾವುದೇ ಸಂಖ್ಯೆ ಬರೆಯಿರಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು. ಅಂಕಿಗಳನ್ನು ಇಳಿಕೆಯಲ್ಲಿ, ಏರಿಕೆಯಲ್ಲಿ ಬರೆದು ಕಳೆಯಿರಿ. ಬಂದದ್ದಕ್ಕೆ ಮತ್ತೆ ಹಾಗೇ ಮಾಡಿ. 3524 ಆದರೆ 5432 – 2345 = 3087, 8730 – 0378 = 8352, 8532 – 2358 = 6174. ಇಲ್ಲಿಂದ ಮುಂದೆ 6174ಏ ಬರುತ್ತಿರುತ್ತದೆ. ಯಾವ ಸಂಖ್ಯೆಗೂ ಏಳು ಹಂತಕ್ಕಿಂತ ಹೆಚ್ಚು ಬೇಡ. ಎಂಟನೇ ಹಂತಕ್ಕೆ ಹೋದವರ ಕಳೆಯುವಿಕೆಯಲ್ಲಿ ತಪ್ಪಿದೆ ಎಂದು ಅವರಿಗೇ ತಿಳಿಯುತ್ತದೆ, ನೀವು ತಿದ್ದಬೇಕಾಗಿಲ್ಲ. ಮೋಸಹೋಗುವ ಜಾಗ ಒಂದೇ. 2111 ಕೊಟ್ಟರೆ 2111 – 1112 = 999 ಬರುತ್ತದೆ. ಇದನ್ನು 0999 ಎಂದು ನಾಲ್ಕಂಕಿಯಾಗಿಯೇ ಬರೆಯಬೇಕು. ಸೊನ್ನೆ ಬಿಟ್ಟರೆ 999 – 999 = 0 ಆಗಿ ಲೆಕ್ಕ ಅಲ್ಲೇ ನಿಲ್ಲುತ್ತದೆ. ಸೊನ್ನೆ ಇಟ್ಟುಕೊಂಡರೆ 9990 – 0999 = 8991, ಆಮೇಲೆ 8082, 8532, ಕೊನೆಗೆ 6174.